ಯಾರ ಖಾತೆಗೆ?

ಚೆನ್ನೈನ ಕೋಯಂಬೇಡು ಸಗಟು ಮಾರುಕಟ್ಟೆ ಶುರುವಾದದ್ದು 1996ರಲ್ಲಿ. ನಮ್ಮ ಕೋಲಾರದ ಟೊಮೆಟೊ ಅಲ್ಲಿ ಇಳಿಯುವ ಹೊತ್ತಿಗೆ, ಹೂವಿನ ಕಡೆ ಹೆಂಗಸರು ಮೊಳ ಹಾಕುತ್ತಿರುತ್ತಾರೆ. ಊರು ಬಿಟ್ಟು ಬಂದವರೂ ಅವರಲ್ಲಿದ್ದಾರೆ.

ಬುಟ್ಟಿಗೆ ಒರಗಿಸಿದ ಕ್ಯೂಆರ್ ರಟ್ಟಿಗೆ ಗಿರಾಕಿ ಫೋನು ಹಿಡಿಯುತ್ತಾನೆ. ದುಡ್ಡು ಹೋಯಿತು. ಯಾರ ಖಾತೆಗೆ? ಎಷ್ಟೋ ಕಡೆ ಗಂಡನ ಖಾತೆಗೆ, ಇಲ್ಲವೇ ಮಗನ ಖಾತೆಗೆ. ನಸುಕಿನಲ್ಲೇ ಎದ್ದು ದುಡಿದವಳು ಸಂಜೆ ಅವರ ಮುಂದೆ ಕೈಯೊಡ್ಡಬೇಕು. ಇದು ನನ್ನನ್ನು ಕಾಡುತ್ತದೆ.

ಅವಳ ಬಳಿ ಸ್ಮಾರ್ಟ್‌ಫೋನು ಇಲ್ಲದಿದ್ದರೂ ದಾರಿಯಿದೆ. 2022ರಲ್ಲಿ ರಿಸರ್ವ್ ಬ್ಯಾಂಕು ಬಟನ್ ಫೋನಿಗೂ ಯುಪಿಐ ತಂದಿತು, ಇಂಟರ್ನೆಟ್ಟೇ ಬೇಡ. ಆದರೆ ಅದನ್ನು ಅವಳ ಮಾತಿನಲ್ಲಿ, ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕು.

ಇವತ್ತು ಹೂ ಕೊಳ್ಳುವಾಗ ಕೇಳಿ, "ಅಮ್ಮಾ, ಈ ಖಾತೆ ನಿಮ್ಮದೇನಾ?" ಅಲ್ಲವೆಂದರೆ, ಆಧಾರ್ ತೋರಿಸಿ ಅಂಚೆ ಕಚೇರಿಯಲ್ಲೂ ಖಾತೆ ತೆರೆಯಬಹುದೆಂದು ತಿಳಿಸಿ.