ಗಡಿಯ ಕಾಡಿನಲ್ಲಿ ಕಾನೂನು ದಾರಿ ತಪ್ಪಿದ ಬಗೆ



ಮಲೆ ಮಹದೇಶ್ವರ ಬೆಟ್ಟದಿಂದ ಸತ್ಯಮಂಗಲದವರೆಗೆ, ಕರ್ನಾಟಕ ಮತ್ತು ತಮಿಳುನಾಡುಗಳ ಗಡಿಯುದ್ದಕ್ಕೂ ಹಬ್ಬಿರುವ ಕಾಡನ್ನು ಹೊರಗಿನ ಜನ ಇಂದಿಗೂ ಒಬ್ಬನೇ ವ್ಯಕ್ತಿಯ ಹೆಸರಿನಿಂದ ಗುರುತಿಸುತ್ತಾರೆ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ವೀರಪ್ಪನ್ ಹತನಾದನು. ನೂರಕ್ಕೂ ಹೆಚ್ಚು ಜನರನ್ನು ಕೊಂದವನೆಂಬ ಆರೋಪ ಅವನ ಮೇಲಿತ್ತು. ಆದರೆ ಆ ಅರಾಜಕತೆಯನ್ನು ಒಬ್ಬ ದರೋಡೆಕೋರನ ಕಥೆಯಾಗಿ ಮಾತ್ರ ಓದಿದರೆ ಅದರ ಬೇರುಗಳು ಕಾಣುವುದಿಲ್ಲ. ಬೇರು ಹುಡುಕುವವರು ಮೊದಲು ಗಡಿಯನ್ನೂ ಬಳಿಕ ಮರವನ್ನೂ ನೋಡಬೇಕು.

1956ರವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಮೈಸೂರಿಗೆ ಬಂದಿತು. ಕನ್ನಡಿಗರೇ ಹೆಚ್ಚಾಗಿರುವ ತಾಳವಾಡಿ ಅತ್ತಲೇ ಉಳಿಯಿತು. ವೀರಪ್ಪನ್ ಹುಟ್ಟಿದ, ತಮಿಳು ಮನೆಮಾತಿನ ಗೋಪಿನಾಥಂ ಇತ್ತ ಸೇರಿತು. ಕಾಡಿನ ಸೋಲಿಗರು ಗೆರೆಯ ಎರಡೂ ಬದಿಗೆ ಹಂಚಿಹೋದರು. ಮಾದಪ್ಪನ ಜಾತ್ರೆಗೆ ಎರಡೂ ಕಡೆಯ ಭಕ್ತರು ನಡೆದು ಬರುವುದು ಮಾತ್ರ ನಿಲ್ಲಲಿಲ್ಲ. ಆದರೆ 1991ರ ಡಿಸೆಂಬರ್‌ನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲೂ ದಕ್ಷಿಣದ ಜಿಲ್ಲೆಗಳಲ್ಲೂ ಗಲಭೆ ಎದ್ದಿತು. ಅನೇಕ ತಮಿಳು ಕುಟುಂಬಗಳು ಮನೆಮಠ ಬಿಟ್ಟು ಓಡಬೇಕಾಯಿತು. ಆ ಗಾಯವೇ ಮುಂದೆ ಬಂದೂಕು ಹಿಡಿದವನ ಬಾಯಲ್ಲಿ ಬೇಡಿಕೆಯಾಯಿತು.

ಇನ್ನು ಮರದ ಮಾತು. ಶ್ರೀಗಂಧವು ಅರೆಪರಾವಲಂಬಿ, ನೆರೆಯ ಗಿಡಗಳ ಬೇರಿನಿಂದ ನೀರನ್ನೂ ಸತ್ವವನ್ನೂ ಹೀರಿ ಬೆಳೆಯುತ್ತದೆ. ಹಕ್ಕಿಗಳು ಉದುರಿಸಿದ ಬೀಜ ಹೊಲದ ಬೇಲಿಯಲ್ಲಿ ತಾನಾಗಿಯೇ ಮೊಳೆಯುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ, ರೈತನ ಹೊಲದಲ್ಲಿ ಬೆಳೆದ ಗಂಧದ ಮರವೂ ರೈತನದಾಗಿರಲಿಲ್ಲ. ಮರ ಕಳವಾದರೆ ವಿಚಾರಣೆ ಅವನಿಗೆ, ಉಳಿದರೆ ಒಡೆತನ ಸರ್ಕಾರಕ್ಕೆ. ಹೀಗಿರುವಾಗ ಸಸಿ ಕಂಡೊಡನೆ ಕಿತ್ತೆಸೆಯುವುದೇ ಜಾಣತನವೆನಿಸಿತು. ಮರ ವಿರಳವಾದಂತೆ ಬೆಲೆ ಏರಿತು, ಬೆಲೆ ಏರಿದಂತೆ ಕಳ್ಳಸಾಗಣೆ ಬೆಳೆಯಿತು. ಕರ್ನಾಟಕವು ಈ ಕಾನೂನನ್ನು ತಿದ್ದಿ ಜಮೀನಿನ ಒಡೆಯನಿಗೆ ಮರದ ಒಡೆತನ ನೀಡಿದ್ದು 2001ರಲ್ಲಿ. ಅಷ್ಟರಲ್ಲಿ ಕಾಡಿನ ಗಂಧ ಬಹುಪಾಲು ಬರಿದಾಗಿತ್ತು.

ಕಾನೂನಿಗೆ ಬೇರೆ ಮುಖವೂ ಇರಬಹುದೆಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ತೋರಿಸಿದ್ದರು. ಗೋಪಿನಾಥಂನಲ್ಲೇ ನೆಲೆಸಿ, ಜನರಿಗೆ ಔಷಧೋಪಚಾರದ ವ್ಯವಸ್ಥೆ ಮಾಡಿ, ಮಾರಿಯಮ್ಮನ ಗುಡಿ ಕಟ್ಟಿಸಿ ಅವರು ವಿಶ್ವಾಸ ಗಳಿಸಿದ್ದರು. ಶರಣಾಗತಿಯ ನೆಪದಲ್ಲಿ ಅವರನ್ನು ಕರೆಸಿಕೊಂಡು 1991ರ ನವೆಂಬರ್ 10ರಂದು ಕೊಲ್ಲಲಾಯಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದರು. ವಿಶೇಷ ಕಾರ್ಯಪಡೆಯ ಕಾಲದಲ್ಲಿ ಹಳ್ಳಿಗರು ಎರಡು ಭಯಗಳ ನಡುವೆ ಸಿಲುಕಿದರು. ಅನ್ನ ಕೊಟ್ಟರೆ ಪೊಲೀಸರ ಹೊಡೆತ, ಸುಳಿವು ಕೊಟ್ಟರೆ ವೀರಪ್ಪನ್‌ನ ಗುಂಡು. ನೂರಕ್ಕೂ ಹೆಚ್ಚು ಮಂದಿಯ ಮೇಲೆ ಟಾಡಾ ಹೇರಲಾಯಿತು. ಅವರಲ್ಲಿ ಹೆಚ್ಚಿನವರನ್ನು ಮೈಸೂರಿನ ವಿಶೇಷ ನ್ಯಾಯಾಲಯವು 2001ರಲ್ಲಿ ಬಿಡುಗಡೆ ಮಾಡಿತು. ನ್ಯಾಯಮೂರ್ತಿ ಸದಾಶಿವ ಸಮಿತಿಯ ವಿಚಾರಣೆಯ ನಂತರ, ಕಾರ್ಯಪಡೆಯ ದೌರ್ಜನ್ಯಕ್ಕೆ ತುತ್ತಾದ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ನೀಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ ಹೇಳಿತು.

ಧರ್ಮಪುರಿ ಜಿಲ್ಲೆಯ ವಾಚಾತಿಯ ನೋವು ಇನ್ನೂ ಘೋರವಾದುದು. 1992ರ ಜೂನ್‌ನಲ್ಲಿ ಕದ್ದ ಗಂಧವನ್ನು ಹುಡುಕಲು ಬಂದ ಸರ್ಕಾರಿ ಸಿಬ್ಬಂದಿ ಊರನ್ನೇ ಹಾಳುಗೆಡವಿದರು. 18 ಮಹಿಳೆಯರ ಮೇಲೆ ಅತ್ಯಾಚಾರವಾಯಿತು. 2011ರಲ್ಲಿ, ಬದುಕಿದ್ದ 215 ಆರೋಪಿಗಳೂ ತಪ್ಪಿತಸ್ಥರೆಂದು ತೀರ್ಪಾಯಿತು. ಮದರಾಸು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 2023ರಲ್ಲಿ. ನ್ಯಾಯ ಆ ಹಳ್ಳಿಯನ್ನು ಮುಟ್ಟಲು ಮೂರು ದಶಕ ಬೇಕಾಯಿತು.

2000ದ ಜುಲೈ 30ರ ರಾತ್ರಿ, ತಮಿಳುನಾಡಿಗೆ ಸೇರಿದ ಗಾಜನೂರಿನಿಂದ ಕನ್ನಡದ ವರನಟ ರಾಜ್‌ಕುಮಾರ್ ಅವರನ್ನು ಅಪಹರಿಸಲಾಯಿತು. ಕಾವೇರಿ ಗಲಭೆಯ ಸಂತ್ರಸ್ತರಿಗೆ ಪರಿಹಾರ, ಕರ್ನಾಟಕದಲ್ಲಿ ತಮಿಳಿಗೆ ಆಡಳಿತ ಭಾಷೆಯ ಸ್ಥಾನ, ಟಾಡಾ ಬಂಧಿಗಳ ಬಿಡುಗಡೆ ಬೇಡಿಕೆಗಳ ಪಟ್ಟಿಯಲ್ಲಿದ್ದವು. ವರ್ಷಗಳ ಕಾಲ ಬಂಧಿಗಳ ಮೊರೆ ಕೇಳದ ಸರ್ಕಾರ ಒಂದೇ ಅಪಹರಣಕ್ಕೆ ಮಣಿದು ಮೊಕದ್ದಮೆ ಹಿಂತೆಗೆಯಲು ಮುಂದಾಯಿತು. ಹತನಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆಯ ಮನವಿಯ ಮೇರೆಗೆ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಬಂದೂಕಿಗೆ ಕಾನೂನು ಬಾಗಬಾರದೆಂಬ ಆ ತಂದೆಯ ಮಾತು ನ್ಯಾಯವಾದುದೇ. ಬಡವನ ಮೊರೆಗೆ ಕಾನೂನು ಕಿವುಡಾಗಬಾರದೆಂಬುದೂ ಅಷ್ಟೇ ನ್ಯಾಯ. 108 ದಿನಗಳ ನಂತರ ನಟ ಮರಳಿದರು. ಬಂಧಿಗಳು ಇನ್ನೂ ಒಳಗೇ ಇದ್ದರು.

ಬೆಟ್ಟದ ಹಳ್ಳಿಗಳು ಇದರಿಂದ ತಿಳಿಯಬೇಕಾದುದು ಇಷ್ಟು: ಯಾವ ಕಾನೂನು ಜನರಿಗೆ ಹಕ್ಕನ್ನೂ ಕೊಡದೆ ರಕ್ಷಣೆಯನ್ನೂ ಕೊಡದೆ ಶಿಕ್ಷೆಯನ್ನು ಮಾತ್ರ ಕೊಡುತ್ತದೆಯೋ, ಅದು ಬಿಟ್ಟ ಜಾಗದಲ್ಲಿ ಬಂದೂಕು ಬಂದು ಕೂರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಆ ಜಾಗವನ್ನು ಗ್ರಾಮಸಭೆಗೆ ಕೊಡುವ ದಾರಿ ತೆರೆದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಆ ದಾರಿಯಲ್ಲಿ ನಡೆದು ಸಮುದಾಯದ ಹಕ್ಕು ಪಡೆದರು. ಅರ್ಜಿ ಬರೆಯಲು, ನಕ್ಷೆ ಗುರುತಿಸಲು, ಹಿರಿಯರ ಸಾಕ್ಷ್ಯವನ್ನು ದಾಖಲಿಸಲು ಓದು ಬಲ್ಲ ಯುವಕ ಯುವತಿಯರು ಬೇಕು. ಗಡಿಯ ಹಳ್ಳಿಗಳಲ್ಲಿ ಆ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಅವರ ಮಾತು ಕಾಗದಕ್ಕೆ ಇಳಿಯುವ ಕೆಲಸ ತಡವಾಗದಿರಲಿ.