ರವಿವಾರದ ಸೂಟಿ ಯಾರು ಕೊಟ್ಟರು?

(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಹಿಡಿದವನು. ಆದುದರಿಂದ ನನ್ನ ಕಸುಬಿನವರೇ ಆದ ಒಬ್ಬರ ವಿಷಯ ಹೇಳುವೆನು. ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಒಂದು ಗಿರಣಿಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಜ್ಯೋತಿಬಾ ಫುಲೆಯವರ ಸಂಗಾತಿ. 1880ರಿಂದ ‘ದೀನಬಂಧು’ ಪತ್ರಿಕೆಯನ್ನೂ ನಡೆಸಿದರು. ನಾವು ಈ ರವಿವಾರ ಇಲ್ಲಿ ನಿಶ್ಚಿಂತೆಯಿಂದ ಕೂತಿರುವುದಕ್ಕೆ ಅವರ ಋಣ ಬಹಳವಿದೆ.

ಆ ಕಾಲದಲ್ಲಿ ಗಿರಣಿಯವರಿಗೆ ಗೊತ್ತಾದ ವಾರದ ಸೂಟಿಯೇ ಇರಲಿಲ್ಲ. ಬೆಳಕು ಹರಿಯುವಾಗ ಒಳಗೆ ಹೋದವನು ಕತ್ತಲಾಗುವಾಗ ಹೊರಗೆ. ದುಡಿದ ಪಗಾರ ಎಂದು ಕೈಗೆ ಬಂದೀತೋ ಭರವಸೆಯಿಲ್ಲ. 1881ರಲ್ಲಿ ಮೊದಲ ಕಾರ್ಖಾನೆ ಕಾನೂನು ಬಂದಿತು. 7 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, 12ರೊಳಗಿನವರಿಗೆ ದಿನಕ್ಕೆ 9 ತಾಸಷ್ಟೇ ಎಂದಿತು. ದೊಡ್ಡವರ ಕೆಲಸದ ತಾಸುಗಳ ಸುದ್ದಿಯನ್ನೇ ಎತ್ತಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಿರಿ. ಕಾನೂನು ಬೇಕೆಂದು ಒತ್ತಾಯಿಸುತ್ತಿದ್ದವರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿ ಮಾಲಕರೂ ಇದ್ದರು. ನಮ್ಮ ಕೂಲಿಕಾರರ ಮೇಲಿನ ಮರುಕದಿಂದಲ್ಲ, ಮುಂಬಯಿಯ ಮಾಲು ತಮ್ಮದಕ್ಕೆ ಪೈಪೋಟಿಯಾದೀತೆಂಬ ಹೆದರಿಕೆಯಿಂದ. ಇದನ್ನು ಕಂಡ ನಮ್ಮ ದೇಶಾಭಿಮಾನಿಗಳಲ್ಲಿ ಅನೇಕರು, ಓದಿದವರು, ಒಳ್ಳೆಯವರೇ, ಈ ಕಾನೂನೇ ಬೇಡವೆಂದರು. ಸ್ವದೇಶದ ಉದ್ಯಮ ಈಗತಾನೆ ತಲೆಯೆತ್ತುತ್ತಿದೆ, ಇಂಥ ಹೊತ್ತಿನಲ್ಲಿ ಅಡ್ಡ ಬರಬಾರದೆಂಬ ವಾದ. ಮಾಲಕರೆದುರು ನಿಲ್ಲುವುದು ಒಂದು ಕಷ್ಟ. ನಮ್ಮವರೇ ‘ನೀನು ಪರಕೀಯರ ಕಡೆಯವನೋ?’ ಎಂದು ಕೇಳುವಂಥ ಹೊತ್ತಿನಲ್ಲಿ ನಿಲ್ಲುವುದು, ನನ್ನೆಣಿಕೆಯಲ್ಲಿ, ಅದಕ್ಕಿಂತ ಹೆಚ್ಚಿನ ಕಷ್ಟ.

ಲೋಖಂಡೆಯವರು ನಿಂತರು. 1884ರ ಸೆಪ್ಟೆಂಬರದಲ್ಲಿ ಪರೇಲಿನಲ್ಲಿ ಸಭೆ ಕೂಡಿಸಿ, ಮನವಿ ಬರೆಸಿ, ಸುಮಾರು 5,500 ಕೂಲಿಕಾರರ ಸಹಿ ಹಾಕಿಸಿದರು. ರವಿವಾರ ಸೂಟಿ ಬೇಕು, ಮಧ್ಯಾಹ್ನ ಅರ್ಧ ತಾಸು ಬಿಡುವು ಬೇಕು, ಪಗಾರ ಮುಂದಿನ ತಿಂಗಳ 15ರೊಳಗೆ ಸಿಗಬೇಕು, ಯಂತ್ರಕ್ಕೆ ಸಿಕ್ಕು ಗಾಯಗೊಂಡವನಿಗೆ ಗುಣವಾಗುವವರೆಗೆ ಸಂಬಳ ಸಲ್ಲಬೇಕು. ಇಷ್ಟು ಕೇಳುವುದಕ್ಕೆ ಅಷ್ಟೊಂದು ಸಹಿಯೇ ಎಂದು ಈಗ ಅನಿಸೀತು. ಆದರೆ ಸಹಿ ಹಾಕಿದವರು ಮರುದಿನ ಅದೇ ಗೇಟಿನೊಳಗೆ, ಅದೇ ಮುಕಾದಮನ ಕಣ್ಣೆದುರು ಹೋಗಬೇಕಾದವರು!

ಆರು ವರ್ಷ ಹಿಡಿಯಿತು. 1890ರ ಏಪ್ರಿಲ್ 24ರ ಸಭೆಗೆ ಸುಮಾರು 10,000 ಜನ ಬಂದರು. ಅಲ್ಲಿ ಇಬ್ಬರು ಹೆಣ್ಣುಮಕ್ಕಳೂ ಎದ್ದು ಮಾತಾಡಿದರು. ಜೂನ್ 10ರಂದು ಗಿರಣಿ ಮಾಲಕರ ಸಂಘ ವಾರಕ್ಕೊಂದು ಸೂಟಿಗೆ ಒಪ್ಪಿತು. ಮರುವರ್ಷ ಅದು ಕಾನೂನಿನಲ್ಲೂ ಸೇರಿತು.

ಲೋಖಂಡೆಯವರ ಸಂಘಕ್ಕೆ ಸದಸ್ಯರ ಪಟ್ಟಿಯಿರಲಿಲ್ಲ, ನಿಧಿಯಿರಲಿಲ್ಲ, ನಿಯಮಾವಳಿಯೂ ಇರಲಿಲ್ಲವೆಂದು ಸರಕಾರಿ ವರದಿಯೇ ಬರೆದಿದೆ. ಕೇಳಿಬಂದವನಿಗೆ ಪುಕ್ಕಟೆ ಸಲಹೆ ಕೊಡುವುದು, ಅದೇ ಸಂಘ. ಅವರು 1897ರಲ್ಲಿ ಪ್ಲೇಗಿಗೆ ತುತ್ತಾದರು.

1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಈಗ ಗುತ್ತಿಗೆಯ ಕೆಲಸವೇ ಹೆಚ್ಚು. ‘ಕಾಲ ಸರಿಯಿಲ್ಲ, ಸುಮ್ಮನಿರಪ್ಪಾ’ ಎಂಬ ಬುದ್ಧಿಮಾತೂ ಹೆಚ್ಚು. ಊರಿನಿಂದ ಹೊಸದಾಗಿ ಬಂದ ನಮ್ಮ ಹುಡುಗರ ಮುಂದೆ ಅವರಿಗೆ ಓದಲು ಬಾರದ ಭಾಷೆಯ ಕಾಗದವಿಟ್ಟು, ‘ಎಲ್ಲರೂ ಹಾಕಿದ್ದಾರೆ, ನೀನೂ ಹಾಕು’ ಎನ್ನುವುದನ್ನು ನಾನು ಮೇಜಿನ ಈಚೆಯಿಂದ ಕಂಡಿದ್ದೇನೆ. ಬರೀ ಕಾಗದಕ್ಕೆ ಸಹಿ ಕೇಳಿದ್ದೂ ಉಂಟು. ಗುಮಾಸ್ತ ಬಂಧುಗಳೇ, ಆ ಕಾಗದದಲ್ಲಿ ಏನಿದೆಯೆಂದು ನಮಗೆ ತಿಳಿದಿರುತ್ತದೆ. ಓದಿ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರತಿ ರವಿವಾರ ಸಂಜೆ 4ರಿಂದ 6ರ ವರೆಗೆ ಕಿಟಕಿಯ ಬಳಿಯ ಮೇಜಿನಲ್ಲಿ ನಾನು ಕೂತಿರುತ್ತೇನೆ. ಕಾಗದ ತನ್ನಿರಿ, ಓದಿ ಹೇಳುವೆನು. ಅರ್ಜಿ ಬೇಕಾದರೆ ಬರೆದು ಕೊಡುವೆನು. ಮರಾಠಿ ನನಗಿಂತ ಚೆನ್ನಾಗಿ ಬಲ್ಲವರು ಒಬ್ಬಿಬ್ಬರು ಜೊತೆಗೆ ಕೂತರೆ ಉಪಕಾರವಾದೀತು.