ಮಲೆನಾಡಿನ ಹೊಳೆಗಳಲ್ಲಿ ಗಾಳದ ಮೀನುಗಾರಿಕೆಯೂ ಸೀಳುಬಿದಿರಿನ ಕೋಲನ್ನು ಕಟ್ಟುವ ಕ್ರಮವೂ

(ಮಾರನಹಳ್ಳಿಯ ಹಿಡುವಳಿದಾರರಿಗೂ ಊರ ಯಜಮಾನರಿಗೂ ಉದ್ದೇಶಿಸಿದ ಉಪನ್ಯಾಸ)



ಮಾರನಹಳ್ಳಿಯು ಪೂರ್ವ ಪಶ್ಚಿಮಗಳ ನೀರು ಬೇರೆಬೇರೆಯಾಗಿ ಹರಿಯುವ ಘಟ್ಟದ ಏಣಿಗೆ ಸಮೀಪದಲ್ಲಿರುವ ಗ್ರಾಮವು. ಶಿರಾಡಿ ಘಟ್ಟದಲ್ಲಿ ಇಳಿಯುವ ಕೆಂಪುಹೊಳೆಯು ಗುಂಡ್ಯದ ಹೊಳೆಯನ್ನೂ ಕುಮಾರಧಾರೆಯನ್ನೂ ಸೇರಿ, ನೇತ್ರಾವತಿಯ ಮೂಲಕ ಮಂಗಳೂರಿನ ಬಳಿ ಪಶ್ಚಿಮ ಸಮುದ್ರವನ್ನು ಮುಟ್ಟುತ್ತದೆ. ಏಣಿನ ಪೂರ್ವದ ಮಗ್ಗುಲಲ್ಲಿ ಬಿದ್ದ ಮಳೆಯು ಹೇಮಾವತಿಯನ್ನು ಕೂಡಿ, ಗೊರೂರಿನ ಜಲಾಶಯವನ್ನು ಹಾದು, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹೀಗೆ ಎರಡು ಸಮುದ್ರಗಳ ಕಡೆಗೆ ಹರಿಯುವ ಹೊಳೆಗಳ ಮೀನು ಈ ಭಾಗದ ಹಿಡುವಳಿದಾರರ ಕೈಯಲ್ಲಿದೆ. ಮೇಲಿನ ಊರಿನವರು ಹಳ್ಳಕ್ಕೆ ಬಿಟ್ಟದ್ದೇ ಕೆಳಗಿನ ಊರಿನವರ ಮಡುವಿಗೆ ಹೋಗಿ ಸೇರುವುದಷ್ಟೆ.

ಗಾಳ ಹಾಕುವುದು ಕೆಲಸವಿಲ್ಲದವರ ಕಾಲಕ್ಷೇಪವೆಂದು ಹೇಳುವವರುಂಟು. ಆದರೆ ಮಿಕ್ಕ ಉಪಾಯಗಳೊಡನೆ ಹೋಲಿಸಿ ನೋಡತಕ್ಕದ್ದು. ಗಾಳವು ಒಂದು ಸಲಕ್ಕೆ ಒಂದೇ ಮೀನನ್ನು ಹಿಡಿಯುತ್ತದೆ. ಅದು ಚಿಕ್ಕದಾದರೆ ಜೀವಸಹಿತ ಬಿಟ್ಟುಬಿಡಬಹುದು. ತೋಟೆ ಸಿಡಿಸಿದಾಗಲಾದರೋ ಮಡುವಿನಲ್ಲಿರುವ ದೊಡ್ಡ ಮೀನು, ಬೆರಳುದ್ದದ ಮರಿ, ಅದು ತಿನ್ನುವ ಹುಳು, ಎಲ್ಲವೂ ಒಟ್ಟಿಗೆ ಸಾಯುತ್ತವೆ. ಸತ್ತದ್ದರಲ್ಲಿ ಬಹುಭಾಗವು ತಳಕ್ಕೆ ಇಳಿದು ಯಾರ ಕೈಗೂ ಸಿಕ್ಕದೆ ಕೊಳೆಯುವುದು. ಕಾರೆಕಾಯಿಯನ್ನು ಜಜ್ಜಿ ನೀರಿಗೆ ಹಾಕುವುದು ಹಳೆಯ ಪದ್ಧತಿ. ಅದರ ಸ್ಥಾನಕ್ಕೆ ಬ್ಲೀಚಿಂಗ್ ಪುಡಿಯೂ ತೋಟದ ಕೀಟನಾಶಕಗಳೂ ಬಂದ ಮೇಲೆ ಅನಾಹುತವು ಬಹುಪಾಲು ಹೆಚ್ಚಾಗಿದೆ. ಸಿಡಿಮದ್ದು, ವಿಷ ಇವೆರಡರಿಂದಲೂ ಮೀನು ಕೊಲ್ಲುವುದನ್ನು ೧೮೯೭ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ವಿಧಿಸಿತು. ಕಾಯಿದೆಯ ಕೊರತೆಯಿಂದ ಹೊಳೆ ಬರಿದಾಯಿತೆಂದು ಯಾರೂ ಹೇಳುವಂತಿಲ್ಲ.

ಇದಕ್ಕಿಂತ ಸದ್ದಿಲ್ಲದ ಹಾನಿಯೊಂದುಂಟು. ಅದನ್ನು ಮಾಡುವವರು ಕಳ್ಳರಲ್ಲ, ಮರ್ಯಾದಸ್ಥ ತೋಟಗಾರರೇ. ಕಾಫಿಯ ಹಣ್ಣನ್ನು ಪಲ್ಪರಿಗೆ ಹಾಕಿ ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟರೆ, ಅದರಲ್ಲಿರುವ ಸಿಹಿಲೋಳೆಯು ಕೊಳೆಯುವಾಗ ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನೆಲ್ಲ ಹೀರಿಬಿಡುವುದು. ಕೊಯ್ಲಿನ ಕಾಲಕ್ಕೆ ಹೊಳೆಯ ಹರಿವೂ ಇಳಿದಿರುವುದರಿಂದ ಮೀನು ಉಸಿರು ಕಟ್ಟಿ ಸಾಯುತ್ತದೆ. ಆ ನೀರನ್ನು ತೋಟದೊಳಗೇ ಹೊಂಡಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿಯನ್ನು ಕಳೆಯತಕ್ಕದ್ದು. ಬೋರ್ಡೋ ದ್ರಾವಣದ ಮೈಲುತುತ್ತವೂ ಮೀನಿಗೆ ತೀವ್ರವಾದ ವಿಷವು. ಸಿಂಪಡಿಸಿದ ಪೀಪಾಯಿಯನ್ನು ಹಳ್ಳದಲ್ಲಿ ಅದ್ದಿ ತೊಳೆಯುವ ಆಳನ್ನು ತಡೆಯಬೇಕಾದವನು ತೋಟದ ಯಜಮಾನನೇ.

ಮುಂಗಾರಿನ ಮೊದಲ ನೆರೆಯಲ್ಲಿ ಹತ್ತುಮೀನು ಕಡಿಯುವ ವಾಡಿಕೆಯನ್ನೂ ಇಲ್ಲಿ ಹೇಳಬೇಕು. ಗದ್ದೆಬಯಲಿನ ಕಾಲುವೆಗಳಲ್ಲಿ ಮೇಲಕ್ಕೆ ಏರಿಬರುವ ಮೀನು ಮೊಟ್ಟೆಯಿಡುವುದಕ್ಕಾಗಿ ಬರುವಂಥದು. ರಾತ್ರಿ ದೀಪ ಹಿಡಿದು ಕತ್ತಿಯಿಂದ ಕಡಿದ ಒಂದು ಬಸುರಿ ಮೀನಿನೊಡನೆ ಮುಂದಿನ ವರ್ಷದ ಸಾವಿರಾರು ಮರಿಗಳು ಹೋಗುತ್ತವೆ. ಮಲೆನಾಡಿನಲ್ಲಿ ಈ ಸಂಭ್ರಮವನ್ನು ಪೂರ್ತಿಯಾಗಿ ನಿಲ್ಲಿಸೆಂದರೆ ಕೇಳುವವರು ವಿರಳ. ಆದರೂ ಏರುವ ಮೀನಿಗೆ ಎದುರಾಗಿ ಹಳ್ಳದ ಅಡ್ಡಗಲಕ್ಕೆ ಕೂಳಿಗಳನ್ನು ಇಟ್ಟು ದಾರಿಯನ್ನೇ ಮುಚ್ಚುವುದನ್ನಾದರೂ ಊರಿನವರು ಬಿಡತಕ್ಕದ್ದು.

ಇನ್ನು ಗಾಳಕ್ಕೆ ಸಿಕ್ಕುವ ಮೀನುಗಳ ವಿಷಯ. ಇವುಗಳಲ್ಲಿ ಹಿರಿಯದು ಬಿಳಿಮೀನು, ಎಂದರೆ ಮಹಸೀರ್. ಮಂಗಳೂರಿನಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬುವರು ೧೮೭೩ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥದಿಂದ ಈ ಮೀನಿನ ಕೀರ್ತಿಯು ಹೊರದೇಶಗಳಿಗೂ ಹಬ್ಬಿತು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಬಿಳಿಮೀನನ್ನು ಗಾಳದಿಂದ ಹಿಡಿದರು. ಅಂಥ ಗಾತ್ರವನ್ನು ಮುಟ್ಟುತ್ತಿದ್ದ ಕಾವೇರಿಯ ಡುಬ್ಬದ ಮಹಸೀರ್ ೨೦೧೮ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಆದುದರಿಂದ ಬಿಳಿಮೀನು ಯಾವ ಗಾತ್ರದ್ದೇ ಸಿಕ್ಕಲಿ, ಅದನ್ನು ನೀರಿಗೆ ಮರಳಿಸತಕ್ಕದ್ದು. ಅಡಿಗೆಮನೆಗೆ ಗೆಂಡೆ ಇದೆ, ಕೊರವ ಇದೆ, ಬಾಳೆಮೀನಿದೆ. ನೀಲಗಿರಿಯ ತಣ್ಣೀರಿನಲ್ಲಿ ಇಂಗ್ಲಿಷರು ತಂದು ಬಿಟ್ಟ ಟ್ರೌಟ್ ಮೀನು ಈ ಹೊಳೆಗಳ ಬೆಚ್ಚನೆಯ ನೀರಿನಲ್ಲಿ ಬದುಕಲಾರದು. ಅದಕ್ಕಾಗಿ ಹಂಬಲಿಸಬೇಕಾದುದೂ ಇಲ್ಲ. ಪಕ್ಕೆಯ ಮೇಲೆ ನೀಲಿ ಅಡ್ಡಪಟ್ಟೆಗಳಿರುವ, ಗೇಣುದ್ದಕ್ಕಿಂತಲೂ ಚಿಕ್ಕದಾದ ಘಟ್ಟದ ಮೀನೊಂದುಂಟು. ಹಾರುವ ಹುಳುವು ನೀರಿಗೆ ಬಿದ್ದರೆ ಸಾಕು, ಅದು ತಳದಿಂದ ಬಾಣದಂತೆ ಎದ್ದು ಬರುತ್ತದೆ. ಹುಳುಗಾಳವನ್ನು ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ.

ಹುಳುಗಾಳವೆಂದರೆ ಮುಳ್ಳಿಗೆ ಗರಿಯನ್ನೂ ನೂಲನ್ನೂ ಸುತ್ತಿ ಹಾರುಹುಳುವಿನಂತೆ ಕಾಣುವಂತೆ ಮಾಡಿದ್ದು. ಇದಕ್ಕೆ ಹಿಂದಿನ ಇಂಗ್ಲಿಷರು ಮಲೆನಾಡಿನ ಕಾಡುಕೋಳಿಯ ಕತ್ತಿನ ಗರಿಯನ್ನೇ ಬೇಡುತ್ತಿದ್ದರು. ಕಾಡುಕೋಳಿಗೆ ೧೯೭೨ರ ವನ್ಯಜೀವಿ ಕಾಯಿದೆಯ ರಕ್ಷಣೆಯಿರುವುದರಿಂದ ಆ ಯೋಚನೆ ಬೇಡ. ಮನೆಯ ಹುಂಜದ ಕತ್ತಿನ ಕಂದು ಗರಿಯು ಅಷ್ಟೇ ಚೆನ್ನಾಗಿ ಕೆಲಸ ಮಾಡುವುದು.

ಎರೆಹುಳು ಚುಚ್ಚಿದ ಗಾಳಕ್ಕೆ ಬೇಲಿಯಿಂದ ಮುರಿದ ಬಿದಿರೂ ಸಾಕು. ಆದರೆ ಗರಿಯ ಹುಳುವಿಗೆ ತೂಕವೇ ಇಲ್ಲ. ಅದನ್ನು ದೂರಕ್ಕೆ ಒಯ್ಯುವುದು ದಪ್ಪನಾದ ದಾರದ ತೂಕವು; ದಾರವನ್ನು ಎಸೆಯುವುದು ಕೋಲಿನ ಸೆಟೆತವು. ಕೋಲು ಬುಡದಿಂದ ತುದಿಯವರೆಗೆ ಸಮನಾಗಿ ಬಾಗಿ, ಬಾಗಿದಷ್ಟೇ ಬೇಗ ನೆಟ್ಟಗಾಗಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಕುಶಲಿಗಳು ಬಿದಿರನ್ನು ಸೀಳಿ ಆರು ಪಟ್ಟಿಗಳನ್ನು ಅಂಟಿಸಿ ಕೋಲು ಮಾಡುವುದನ್ನು ಬಳಕೆಗೆ ತಂದರು. ಮೊದಮೊದಲು ಅವರು ಬಳಸಿದ ಬಿದಿರು ಕಲ್ಕತ್ತೆಯಿಂದ ಹೋದದ್ದು. ಈಗ ಅಂಗಡಿಯಲ್ಲಿ ದೊರೆಯುವ ಕಾರ್ಬನ್ ನಾರಿನ ಕೋಲು ಹಗುರವಾದದ್ದು ನಿಜವೇ. ಆದರೆ ಹಿಡಿಯುವವನ ಕೈಗೂ ಹೊಳೆಯ ಅಗಲಕ್ಕೂ ತಕ್ಕಂತೆ ಊರಿನಲ್ಲೇ ಕಟ್ಟಿಕೊಂಡ ಬಿದಿರಿನ ಕೋಲನ್ನು ಮುರಿದಾಗ ಊರಿನಲ್ಲೇ ಸರಿಮಾಡಬಹುದು. ಕೆಂಪುಹೊಳೆಯಂಥ ಇಕ್ಕಟ್ಟಿನ ನೀರಿಗೆ ಏಳು ಅಡಿ ಸಾಕು. ಸಕಲೇಶಪುರದ ಬಳಿಯ ಹೇಮಾವತಿಯ ಅಗಲಕ್ಕೆ ಒಂಬತ್ತು ಅಡಿ ಬೇಕಾದೀತು.

ಬಿದಿರನ್ನು ಆರಿಸುವುದರಲ್ಲಿಯೇ ಅರ್ಧ ಕೆಲಸ. ಪೊಳ್ಳು ಹೆಚ್ಚಾಗಿರುವ ಹೆಬ್ಬಿದಿರೂ, ತೆಳುಗೋಡೆಯ ವಾಟೆಯೂ ಇದಕ್ಕೆ ಒದಗವು. ಗಟ್ಟಿಯಾದ ಕಿರುಬಿದಿರಿನಲ್ಲಿ ಮೂರು ನಾಲ್ಕು ವರ್ಷ ಬಲಿತ, ನೆಟ್ಟನೆಯ, ಗಾಯವಿಲ್ಲದ ಗಳುವನ್ನು ಚಳಿಗಾಲದಲ್ಲಿ ಕಡಿಯತಕ್ಕದ್ದು. ಮಳೆಗಾಲದ ಗಳುವಿನಲ್ಲಿ ಹಿಟ್ಟಿನ ಅಂಶ ಹೆಚ್ಚಾಗಿದ್ದು ಕುಟ್ಟೆಹುಳು ಬೇಗ ಹಿಡಿಯುವುದು. ಸ್ವಂತ ಹಿಡುವಳಿಯ ಮೆಳೆಯಿಂದಲೇ ತೆಗೆಯಬೇಕು. ಮೀಸಲು ಅರಣ್ಯದ ಬಿದಿರಿಗೆ ಕೈ ಹಾಕಕೂಡದು. ಗಳುವನ್ನು ನೆರಳಿನಲ್ಲಿ, ನೆಲಕ್ಕೆ ತಾಗದಂತೆ, ಒಂದು ವರ್ಷದವರೆಗೆ ಒಣಗಿಸುವುದು ಮೇಲು.

ಸೀಳುವ ಕೆಲಸವನ್ನು ಮೇದಾರನಿಗೆ ಒಪ್ಪಿಸುವುದೇ ಲೇಸು. ಬಿದಿರಿನ ನಾರು ಹೋದ ದಾರಿಯಲ್ಲೇ ಕತ್ತಿಯನ್ನು ನಡೆಸುವ ಕೈಚಳಕವು ಅವನಿಗೆ ಬಾಲ್ಯದಿಂದ ಬಂದದ್ದು. ಏಳು ಅಡಿಯ ಕೋಲನ್ನು ಎರಡು ತುಂಡಾಗಿ ಮಾಡುವುದರಿಂದ, ನಾಲ್ಕು ಅಡಿ ಉದ್ದದ ಪಟ್ಟಿಗಳು ಬುಡಕ್ಕೆ ಆರು, ತುದಿಗೆ ಆರು ಬೇಕು. ಹೆಚ್ಚಿಗೆ ನಾಲ್ಕು ಸೀಳಿಟ್ಟುಕೊಳ್ಳುವವನು ಜಾಣ. ಪಟ್ಟಿಗಳನ್ನು ಜೋಡಿಸುವಾಗ ಗಿಣ್ಣುಗಳು ಒಂದೇ ಸಾಲಿನಲ್ಲಿ ಬರದಂತೆ ಹಿಂದುಮುಂದು ಸರಿಸಬೇಕು. ಗಿಣ್ಣಿನಲ್ಲಿ ನಾರು ತಿರುಚಿಕೊಂಡಿರುವುದರಿಂದ ಎಲ್ಲ ಗಿಣ್ಣುಗಳು ಒಂದೆಡೆ ಸೇರಿದರೆ ಕೋಲು ಅಲ್ಲಿಯೇ ಮುರಿಯುವುದು. ಸೊಟ್ಟಗಿರುವ ಗಿಣ್ಣನ್ನು ಕೆಂಡದ ಮೇಲೆ ಬಿಸಿಮಾಡಿ, ಮೆತ್ತಗಾದಾಗ ಒತ್ತಿ ನೆಟ್ಟಗೆ ಮಾಡಬಹುದು.

ಬಡಗಿಯು ಗಟ್ಟಿಮರದ ತುಂಡಿನಲ್ಲಿ ೬೦ ಡಿಗ್ರಿಯ ಗಾಡಿಯೊಂದನ್ನು ತೋಡಿ, ಅದರ ಆಳವು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಕಡಿಮೆಯಾಗುವಂತೆ ಅಚ್ಚು ಮಾಡಬೇಕು. ಬುಡದ ತುಂಡಿಗೆ ಒಂದು ಅಚ್ಚು, ತುದಿಗೆ ಮತ್ತೊಂದು. ಪಟ್ಟಿಯನ್ನು ಅದರೊಳಗಿಟ್ಟು ಕೀಸುಳಿಯಿಂದ ಹೆರೆದರೆ ಮೂರು ಸಮ ಮಗ್ಗುಲಿನ ಕಡ್ಡಿಯಾಗುತ್ತದೆ. ಇಂಥ ಆರು ಸೇರಿ ಆರುಮೂಲೆಯ ಕೋಲು. ಹೆರೆಯುವುದು ಒಳಮಗ್ಗುಲುಗಳನ್ನು ಮಾತ್ರ. ಹೊರಗಿನ ಹೊಳಪಿನ ಸಿಪ್ಪೆಗೆ ಕೀಸುಳಿ ತಾಗಕೂಡದು. ಬಿದಿರಿನ ಬಲವೆಲ್ಲ ಆ ಸಿಪ್ಪೆಗೆ ಅಂಟಿಕೊಂಡಿರುವ ನಾರಿನಲ್ಲಿದೆ. ಕೋಲಿನ ದಪ್ಪವು ಹಿಡಿಯ ಬಳಿ ಬಡಗಿಯ ಲೆಕ್ಕದಲ್ಲಿ ಎರಡೂವರೆ ನೂಲಿಗೆ ಸ್ವಲ್ಪ ಕಡಿಮೆ, ತುದಿಯಲ್ಲಿ ಅರ್ಧ ನೂಲಿಗೆ ಸ್ವಲ್ಪ ಹೆಚ್ಚು ಇದ್ದರೆ ಈ ಹೊಳೆಗಳಿಗೆ ಹೊಂದುವುದು. ಇಲ್ಲಿ ಅವಸರಪಟ್ಟವನು ಚಾಟಿಯಂತೆ ಬಳುಕುವ ಕೋಲನ್ನೋ, ಒನಕೆಯಂಥ ಕೋಲನ್ನೋ ಪಡೆಯುವನು.

ಅಂಟಿಸುವ ಮೊದಲು ಆರು ಕಡ್ಡಿಗಳನ್ನೂ ಒಟ್ಟಿಗೆ ಕಟ್ಟಿ, ತಗಡಿನ ಕೊಳವೆಯಲ್ಲಿಟ್ಟು, ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಬೇಕು. ತೇವವು ಹೋಗಿ ಬಿದಿರು ಸೆಟೆತುಕೊಳ್ಳುವುದು. ಬಣ್ಣವು ತಿಳಿಜೇನಿನಂತಾದಾಗ ತೆಗೆಯಬೇಕು. ಕಪ್ಪಿಗೆ ತಿರುಗಿದರೆ ನಾರು ಸುಟ್ಟು ಗರುಕಾಗುವುದು. ಹಿಂದೆ ಬಳಸುತ್ತಿದ್ದ ಮರವಜ್ರವು ಮಲೆನಾಡಿನ ಮಳೆಗಾಲದ ತೇವದಲ್ಲಿ ಬಿಟ್ಟುಕೊಳ್ಳುವುದರಿಂದ, ನೀರಿಗೆ ಜಗ್ಗದ ಎಪಾಕ್ಸಿ ಅಂಟನ್ನೇ ಹಚ್ಚತಕ್ಕದ್ದು. ಅಂಟು ಹಚ್ಚಿದ ಕೂಡಲೇ ಹತ್ತಿಯ ದಾರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿಗಿಯಾಗಿ ಸುತ್ತಿ, ಕೆಳತುದಿಗೆ ಕಲ್ಲು ಕಟ್ಟಿ, ಜಂತಿಗೆ ತೂಗುಹಾಕಿ ಒಣಗಿಸಬೇಕು.

ಎರಡು ತುಂಡುಗಳ ಕೂಡಿಕೆಗೆ ಒಂದರೊಳಗೊಂದು ಬಿಗಿಯಾಗಿ ಕೂಡುವ ಹಿತ್ತಾಳೆಯ ಕೊಳವೆಗಳು ಬೇಕು. ಹಿಡಿಗೆ ಬೆಂಡು ಸಿಕ್ಕದಿದ್ದರೆ, ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಹಗುರವಾದ ಮರವನ್ನು ಒಣಗಿಸಿ, ಕೊರೆದು, ಹಿಡಿಯುವವನ ಅಂಗೈಯ ಅಳತೆಗೆ ಹೆರೆದು ಮೆರುಗೆಣ್ಣೆ ಹಚ್ಚಬಹುದು. ದಾರ ಹಾಯುವ ತಂತಿಯ ಉಂಗುರಗಳು ಎಂಟು ಇದ್ದರೆ ಸಾಕು. ಅವುಗಳ ನಡುವಣ ಅಂತರವು ತುದಿಯ ಕಡೆಗೆ ಕಿರಿದಾಗುತ್ತ ಹೋಗಬೇಕು. ರೇಷ್ಮೆಯ ನೂಲಿನಿಂದ ಸುತ್ತಿ ಕಟ್ಟಿ, ಅದರ ಮೇಲೆ ಮೂರು ಸಲ ವಾರ್ನಿಷು ಕೊಡಬೇಕು.

ಕೋಲು ಸಿದ್ಧವಾಯಿತೆಂದು ಮೀನು ಬಂದು ಬೀಳುವುದಿಲ್ಲ. ಮಳೆ ನಿಂತು ನೀರು ತಿಳಿಯಾಗುವ ಅಕ್ಟೋಬರ್, ನವೆಂಬರ್ ತಿಂಗಳುಗಳು ಉತ್ತಮ ಕಾಲವು. ಹೊತ್ತು ಬೆಳಗಿನದು ಇಲ್ಲವೆ ಸಂಜೆಯದು. ಮೀನು ಯಾವಾಗಲೂ ಹರಿವಿಗೆ ಮುಖಮಾಡಿ ನಿಲ್ಲುವುದರಿಂದ ಬೇಟೆಗಾರನು ಕೆಳಗಿನಿಂದ ಮೇಲಕ್ಕೆ, ನೆರಳು ನೀರಿನ ಮೇಲೆ ಬೀಳದಂತೆ, ಕಲ್ಲು ಕದಲಿಸದೆ ನಡೆಯತಕ್ಕದ್ದು. ಝರಿಯು ಮಡುವಿಗೆ ಬೀಳುವ ಬಾಯಿ, ಬಂಡೆಯ ಹಿಂದಿನ ಸುಳಿ, ಹಣ್ಣು ಉದುರುವ ಅತ್ತಿಮರದ ಕೆಳಗಿನ ನೀರು ಇವು ನೋಡಬೇಕಾದ ಸ್ಥಳಗಳು. ಬಿಳಿಮೀನು ಅತ್ತಿಹಣ್ಣನ್ನೂ ತಿನ್ನುತ್ತದೆ, ಏಡಿಯನ್ನೂ ತಿನ್ನುತ್ತದೆ; ಕಾವೇರಿಯಲ್ಲಿ ರಾಗಿಯ ಮುದ್ದೆಗೆ ಬಂದಷ್ಟು ಇನ್ನಾವುದಕ್ಕೂ ಬಾರದೆಂಬುದು ಪ್ರಸಿದ್ಧವಾಗಿದೆ. ಮೂಡಿಗೆರೆಯಲ್ಲಿ ನೆಲಸಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಗಾಳವನ್ನು ಪ್ರೀತಿಸಿದವರು. ಹೊಳೆಯ ದಡದಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂರಬಲ್ಲವನಿಗೆ ಮೀನಲ್ಲದೆ ಬೇರೆಯವೂ ಕಾಣುವುವೆಂದು ಅವರ ಬರೆಹಗಳನ್ನು ಓದಿದವರು ಬಲ್ಲರು.

ಕೆಂಪುಹೊಳೆಯಲ್ಲಿ ಬೆನ್ನ ಹಿಂದೆ ಕಾಡು ಒತ್ತಿಕೊಂಡಿರುವುದರಿಂದ ದಾರವನ್ನು ಹಿಂದಕ್ಕೆ ಬೀಸಿದರೆ ಕೊಂಬೆಗೆ ಸಿಕ್ಕುವುದು. ಅದಕ್ಕೆ ಉಪಾಯವೇನೆಂದರೆ, ದಾರವನ್ನು ಮುಂದಿನ ನೀರಿನ ಮೇಲೆಯೇ ಬಿಟ್ಟು, ಕೋಲನ್ನು ಕಿವಿಯ ಬಳಿಗೆ ಮೆಲ್ಲನೆ ಎತ್ತಬೇಕು. ದಾರವು ಹೆಗಲ ಹಿಂದೆ ಬಿಲ್ಲಿನಂತೆ ಜೋಲಿದಾಗ ಒಂದು ಕ್ಷಣ ತಡೆದು, ಮೊಳೆ ಹೊಡೆಯುವಂತೆ ಮುಂದಕ್ಕೆ ಚುರುಕಾಗಿ ಕೊಡಬೇಕು. ದಾರವು ನೀರಿನ ಮೇಲೆ ಉರುಳುತ್ತ ಬಿಚ್ಚಿಕೊಂಡು ಹೋಗುವುದು. ಮೀನು ಕಚ್ಚಿದ ಮೇಲೆ ಜಗ್ಗಾಡಕೂಡದು. ಬಿಳಿಮೀನಿನ ಮೊದಲ ಓಟಕ್ಕೆ ದಾರ ಬಿಟ್ಟು, ಅದು ದಣಿದಂತೆ ಸುತ್ತಿಕೊಳ್ಳಬೇಕು. ಮುಳ್ಳಿನ ಕೊಕ್ಕೆಯನ್ನು ಮೊದಲೇ ಇಕ್ಕಳದಿಂದ ಒತ್ತಿಬಿಟ್ಟಿದ್ದರೆ ಬಿಡಿಸುವುದು ಸುಲಭ. ಒಣಕೈಯಿಂದ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಹೋಗಿ ಬೂಸು ಹಿಡಿಯುವುದರಿಂದ ಕೈಯನ್ನು ಒದ್ದೆಮಾಡಿಕೊಂಡೇ ಮುಟ್ಟತಕ್ಕದ್ದು.

ಗಾಳ ಹಾಕುವವನು ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ಪಡೆದಿರಬೇಕು. ಅರಣ್ಯದೊಳಗಿನ ಹೊಳೆಯಾದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಬೇಕು; ಅಭಯಾರಣ್ಯದಲ್ಲಿ ಕೋಲನ್ನು ಬಿಚ್ಚಲೇಕೂಡದು.

ಊರ ಯಜಮಾನರ ಮುಂದೆ ಒಂದು ಪ್ರಾರ್ಥನೆಯುಂಟು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನನ್ನು ದೇವರದೆಂದು ಯಾರೂ ಮುಟ್ಟುವುದಿಲ್ಲ. ಘಟ್ಟದ ಕೆಳಗಿನ ಶಿಶಿಲದಲ್ಲಿ ಕಪಿಲಾ ನದಿಯ ಮೀನು ಜನರ ಕೈಯಿಂದಲೇ ಅಕ್ಕಿಯನ್ನು ತಿನ್ನುತ್ತದೆ. ಆ ಶಿಶಿಲದಲ್ಲಿಯೂ ೧೯೯೬ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಹಾಕಿದ್ದರಿಂದ ಅಪಾರ ಮೀನುಗಳು ಸತ್ತು ತೇಲಿದವು. ಉಳಿದವು ಊರಿನವರ ಕಾವಲಿನಲ್ಲಿ ಮತ್ತೆ ಹೆಚ್ಚಿದವು. ಸಕಲೇಶಪುರದ ಮೇಲಣ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಒಡ್ಡು ಹಾಕಿ ನೀರನ್ನು ಪೂರ್ವಕ್ಕೆ ಒಯ್ಯುವ ಯೋಜನೆಯ ಮೊದಲ ಹಂತವು ೨೦೨೪ರ ಸೆಪ್ಟೆಂಬರಿನಲ್ಲಿ ಆರಂಭವಾಗಿದೆ. ಒಡ್ಡನ್ನು ಹತ್ತಲಾರದ ಮೀನಿಗೆ ಕೆಳಗಿನ ಮಡುಗಳೇ ಗತಿಯು. ಆದಕಾರಣ ಪ್ರತಿಯೊಂದು ಗ್ರಾಮವೂ ತನ್ನ ಎಲ್ಲೆಯಲ್ಲಿ ಬೇಸಗೆಯಲ್ಲಿಯೂ ಬತ್ತದ ಒಂದು ಮಡುವನ್ನು ಗೊತ್ತುಮಾಡಿ, ಅಲ್ಲಿ ಬಲೆಯಾಗಲಿ ಗಾಳವಾಗಲಿ ಬೀಳಕೂಡದೆಂದು ಗ್ರಾಮಸಭೆಯಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು. ಇದಕ್ಕೆ ಹಣ ಬೇಕಾಗಿಲ್ಲ. ಕಾವಲಿಗೆ ಆ ಮಡುವಿನ ಪಕ್ಕದ ಗದ್ದೆಯವನೇ ಸಾಕು, ಊರು ಅವನ ಮಾತನ್ನು ನಡೆಸಿಕೊಟ್ಟರೆ.

ಕೋಲಿನ ಜೋಪಾನದ ವಿಷಯ ಇಷ್ಟು: ಹೊಳೆಯಿಂದ ಬಂದ ಕೂಡಲೇ ಎರಡು ತುಂಡುಗಳನ್ನೂ ಬಿಡಿಸಿ ಬಟ್ಟೆಯಿಂದ ಒರೆಸಿ, ಚೀಲದಲ್ಲಿಟ್ಟು ನೆಟ್ಟಗೆ ತೂಗುಹಾಕಬೇಕು. ಗೋಡೆಗೆ ಒರಗಿಸಿದರೆ ಒಂದು ಮಳೆಗಾಲದೊಳಗೆ ಬಾಗುವುದು. ಮಳೆಗಾಲದ ತಿಂಗಳುಗಳಲ್ಲಿ ಒಲೆಯ ಮೇಲಣ ಅಟ್ಟವು ಅದಕ್ಕೆ ತಕ್ಕ ಸ್ಥಳವು.